ಹೆಣ್ಣು: ತಿಳಿದಿಲ್ಲ

ಹಾಸನದ ಹಳೇ ಬಸ್ ಸ್ಟ್ಯಾಂಡ್ ಹಿಂದೆ
'ದಸ್ತಗೀರ್ ಆರ್ಟ್ಸ್' ಅಂತ ಬೋರ್ಡು, ಅದೂ ನನ್ನ ಕೈಯದೇ.
ಫ್ಲೆಕ್ಸ್ ಬಂದ ಮೇಲೆ ಉಳಿದದ್ದು ನಂಬರ್ ಪ್ಲೇಟು,
ಲಾರಿ ಬೆನ್ನಿನ 'ಹಾರನ್ ಮಾಡಿ'.

ವಿಮಲಾಕ್ಷಿ ಮೇಡಂ ಸ್ಕೂಟರಿಗೆ ನಾನೇ ಬರೆದಿದ್ದೆ,
ಕೆಎ ಹದಿಮೂರು. ಅದರ ಸೊನ್ನೆ ನೋಡಿ ಹುಡುಕಿಕೊಂಡು ಬಂದರು.
'ಕೈ ನಡುಗಲ್ಲ ತಾನೆ?'
'ಚಾ ಕುಡಿಯೋಕೆ ಮುಂಚೆ ನಡುಗುತ್ತೆ.'
'ಹಾಗಾದರೆ ಕುಡಿದೇ ಬನ್ನಿ.'

ಸಾಲಗಾಮೆ ರಸ್ತೆ, ಕಾಲೇಜಿನ ಎರಡನೇ ಮಹಡಿ.
ಗಾಜಿನ ಕೊಳವೆ, ಸ್ಪಿರಿಟ್ಟು, ಅದರೊಳಗೊಂದು ಜೇಡ.
ಟಾಂಜಾನಿಯದ್ದು. ಮೇಡಂ ಅಲ್ಲಿ ಎರಡು ವರ್ಷ ಪಾಠ ಮಾಡಿದ್ದರಂತೆ.
ಉಲುಗುರು ಅಂತ ಬೆಟ್ಟ.
ನನಗೆ ಕೇಳಿಸಿದ್ದು ಉಗುರು.
ತಪ್ಪೇನಲ್ಲ, ಕಿರುಬೆರಳ ಉಗುರಿನ ಮೇಲೆ
ಇಂಥವು ನಾಲ್ಕು ಸಂಸಾರ ಹೂಡಬಹುದು.

ಕೊಳವೆಯಲ್ಲೊಂದು ಚೀಟಿ, ಪೆನ್ಸಿಲಿನದು,
ಇಂಕಾದರೆ ಸ್ಪಿರಿಟ್ಟಲ್ಲಿ ಕದಡಿಹೋಗುತ್ತದೆ.
ಭಾಷೆ ನನಗೆ ಬರದು, ಮೇಡಂ ಓದಿದರು:
'ತರಗೆಲೆ. ರಾತ್ರಿ. ಮಳೆ ನಿಂತ ಮೇಲೆ. ಸೆಲೆಮಾನಿ.'
ಆದರೆ ಕೈ ಗೊತ್ತಾಯಿತು.
ಒದ್ದೆ ತೊಡೆಯ ಮೇಲೆ ಕಾಗದ ಇಟ್ಟು ಬರೆದವನು,
ಸಾಲು ಬಲಕ್ಕೆ ಜಾರಿದೆ.

'ಇದನ್ನು ಇನ್ನೂ ಯಾರೂ ಬರೆದಿಲ್ಲ' ಅಂದರು.
ಬರೆಯುವುದೆಂದರೆ ನನಗೆ ಗೊತ್ತಿದ್ದದ್ದು
ಇದ್ದದ್ದಕ್ಕಿಂತ ಒಂದು ಹಿಡಿ ಹೆಚ್ಚು:
ಸಲೂನಿನ ಹುಡುಗನಿಗೆ ಕೆನ್ನೆಗುಳಿ,
ಚಿಕನ್ ಸೆಂಟರಿನ ಕೋಳಿಗೆ ನಗು.
ಇಲ್ಲಿ, ಎಡಗಡೆ ಮೂರನೇ ಕಾಲು ಇರಲಿಲ್ಲ.
ಬಲಗಡೆಯದನ್ನೇ ಮಗುಚಿ ಹಾಕಿದೆ, ಅಂದವಾಗಿ.
ಮೇಡಂ ರಬ್ಬರ್ ಕೊಟ್ಟರು.
'ಇಲ್ಲದ್ದನ್ನ ಬರೀಬೇಡಿ ದಸ್ತಗೀರ್.'

ನಲವತ್ತು ವರ್ಷದಲ್ಲಿ ಮೊದಲ ಸಲ
ಒಂದು ಖಾಲಿ ಜಾಗವನ್ನು
ನೋಡಿ ನೋಡಿ ಬಿಟ್ಟೆ.

ಎಂಟು ಕಣ್ಣು ಚುಕ್ಕಿಯಿಟ್ಟೆ. ಹಿಂದಿನ ನಡುವಿನವು ಹತ್ತಿರ ಹತ್ತಿರ,
ಗುಟ್ಟು ಹೇಳಿಕೊಳ್ಳುವ ಹೆಂಗಸರ ಹಾಗೆ.
ಕಾಲು ಅಳೆದರು: ನಾಲ್ಕನೆಯದು ಎಲ್ಲಕ್ಕಿಂತ ಉದ್ದ,
ಆಮೇಲೆ ಒಂದು, ಎರಡು, ಕಡೆಗೆ ಮೂರು.
ನೋಟ್‌ಬುಕ್ಕಿನಲ್ಲಿ ೪೧೨೩ ಅಂತ ಬರೆದುಕೊಂಡರು.
'ಮುಂದೆ ಕೆಎ ಹದಿಮೂರು ಸೇರಿಸಲಾ?'
ನಗಲಿಲ್ಲ.
ಸ್ವಲ್ಪ ಹೊತ್ತಾದ ಮೇಲೆ, ಲೆನ್ಸ್ ಒರೆಸುತ್ತಾ, ನಕ್ಕರು.

ಗಂಡು ಜೇಡಕ್ಕೆ ಮುಖದ ಮುಂದೆ ಎರಡು ಕುಡಿಗೈ,
ತುದಿ ಊದಿ, ಗಾಯಕ್ಕೆ ಬಟ್ಟೆ ಸುತ್ತಿದ ಹಾಗೆ.
ಜಾತಿ ಬೇರೆ ಎಂದು ಹೇಳುವುದು ಅದೇ,
ಬೀಗದ ಕೈಯ ಹಲ್ಲಿನಂತೆ.
ಇದರದ್ದು ಕೆಳಗಿಳಿದು, ಒಳಕ್ಕೆ ಸುತ್ತಿ, ಹೊರಕ್ಕೆ ಚಿಮ್ಮಿ
'ಮೇಡಂ, ವಟ್ರಸುಳಿ!'
'ಏನು?'
'ಕೃಷಿ ಇಲಾಖೆ ಬೋರ್ಡಿನ ಕೃ. ಅದರ ಸುಳಿ.
ಎಷ್ಟು ಸಾವಿರ ಸಲ ಸುತ್ತಿಲ್ಲ ನಾನು.'
ಆಮೇಲೆ ಕೈ ತಾನೇ ಹೋಯಿತು, ಉಸಿರು ಬಿಡದೆ, ಒಂದೇ ಎಳೆತಕ್ಕೆ.
ಅವರು ಬರೆದದ್ದು ಇಷ್ಟೇ: 'ಒಳಮುಖ ಬಾಗಿ, ತುದಿ ಹೊರಳಿದೆ.'

ಬಣ್ಣದ ಡಬ್ಬಿ ತೆಗೆಯಹೋದೆ, ತಡೆದರು.
ಸ್ಪಿರಿಟ್ಟು ಎಲ್ಲವನ್ನೂ ಬಿಳಿಚಿದ ಬೆಲ್ಲ ಮಾಡಿತ್ತು.
ಬದುಕಿದ್ದಾಗ ಹಸಿರಿತ್ತೋ ಕೆಂಪಿತ್ತೋ
ಸೆಲೆಮಾನಿಯ ಟಾರ್ಚಿಗೆ ಗೊತ್ತು.

ಹೆಸರು ಅವನದ್ದೇ ಇಡುತ್ತಾರಂತೆ, ಬಾಲಕ್ಕೆ ಲ್ಯಾಟಿನ್ ಕಟ್ಟಿ.
ಉದ್ದವಾಯಿತು, ಪ್ಲೇಟಿಗೆ ಹಿಡಿಸಲ್ಲ ಅಂದೆ.

ಕಡೆಯ ಸಾಲು ಟೈಪ್ ಮಾಡುತ್ತಾ ಜೋರಾಗಿ ಓದಿದರು:
'ಹೆಣ್ಣು: ತಿಳಿದಿಲ್ಲ.'
'ಅಂದರೆ, ಇಲ್ಲವಾ?'
'ಇರಲೇಬೇಕಲ್ಲ. ಯಾರ ಕೈಗೂ ಸಿಕ್ಕಿಲ್ಲ, ಅಷ್ಟೆ.'

ರಾತ್ರಿ ಶಟರ್ ಅರ್ಧ ಎಳೆದು ಬ್ರಶ್ಶು ತೊಳೆಯುತ್ತಿದ್ದೆ.
ಸೀಮೆಎಣ್ಣೆಯಲ್ಲಿ ಕೆಂಪು ಬಿಡುತ್ತಿತ್ತು.
ಉಲುಗುರು ಬೆಟ್ಟದಲ್ಲಿ ಈಗ ಗಂಟೆ ಎಷ್ಟೋ.
ತರಗೆಲೆಯಡಿ ಅವಳು ಮೊಟ್ಟೆಯ ಚೀಲ ಹೊಲಿಯುತ್ತಿರಬಹುದು,
ತಾನು ತಿಳಿದಿಲ್ಲವೆಂಬುದು
ಅವಳಿಗೆ ತಿಳಿದಿಲ್ಲ.
ಸೆಲೆಮಾನಿ ಬಾಗಿಲಲ್ಲಿ ನಿಂತು ಅಂಗೈ ಹೊರಗೆ ಚಾಚಿ
ಮಳೆ ನಿಂತಿತಾ ಅಂತ ನೋಡುತ್ತಿರಬಹುದು.

ನಿಲ್ಲದಿರಲಿ ಅನ್ನಿಸಿತು, ಒಂದು ಗಳಿಗೆ.
ಆಮೇಲೆ ಖಾಲಿ ಬಿಟ್ಟ ಕಾಲಿನ ಜಾಗ ನೆನಪಾಗಿ
ನಿಲ್ಲಲಿ ಅಂತಲೂ.